ಹತ್ತನೇ ಕ್ಲಾಸಿಗೆ ಗ್ರಾಫ್ ಹೇಳ್ಕೊಡೋಕೆ ಡೆಸ್ಮಾಸ್, ಜಿಯೋಜೀಬ್ರಾ ಥರದ ಗ್ರಾಫ್ ಬಿಡಿಸೋ ಆ್ಯಪ್‌ಗಳು ನಿಜವಾಗ್ಲೂ ಉಪಯೋಗಕ್ಕೆ ಬರುತ್ತಾ?

ಬರುತ್ತೆ, ಆದ್ರೆ ಎಲ್ಲಾ ಪಾಠಕ್ಕೂ ಅಲ್ಲ. ನಂಗೆ ಸಖತ್ ಅನ್ಸಿದ್ದು ವರ್ಗ ಸಮೀಕರಣದ ಶೋಧಕಕ್ಕೆ (ಬಿ² − 4ಎಸಿ, ಮೂಲಗಳು ಎಂಥವು ಅಂತ ಹೇಳೋದು). ಡೆಸ್ಮಾಸ್‌ನಲ್ಲಿ ವೈ = ಎಕ್ಸ್² − 4ಎಕ್ಸ್ + ಸಿ ಅಂತ ಟೈಪ್ ಮಾಡಿದ್ರೆ ಸಿ ಗೆ ಸ್ಲೈಡರ್ ಬೇಕಾ ಅಂತ ಅದೇ ಕೇಳುತ್ತೆ, ಹಾಕ್ಕೊಂಡು 3ರಲ್ಲಿ ನಿಲ್ಸಿ, ಗೆರೆ ಎಕ್ಸ್ ಅಕ್ಷನ 1 ಮತ್ತೆ 3ರಲ್ಲಿ ದಾಟುತ್ತೆ, 4ಕ್ಕೆ ಎಳೆದ್ರೆ 2ರ ಹತ್ರ ಸುಮ್ನೆ ಮುಟ್ಟಿ ವಾಪಸ್ ಮೇಲೆ ಹೋಗುತ್ತೆ, 5 ಮಾಡಿದ್ರೆ ಅಕ್ಷನ ಮುಟ್ಟೋದೇ ಇಲ್ಲ. ಆಮೇಲೆ ಬೋರ್ಡ್ ಮೇಲೆ ಶೋಧಕ, ಅಂದ್ರೆ ಇಲ್ಲಿ 16 − 4ಸಿ, ಲೆಕ್ಕ ಹಾಕ್ಸಿ, ಕ್ರಮವಾಗಿ 4, 0, −4 ಬರುತ್ತೆ. "ವಾಸ್ತವ ಮೂಲಗಳಿಲ್ಲ" ಅಂತ ಬಾಯಿಪಾಠ ಮಾಡ್ತಿದ್ದ ಮಕ್ಳಿಗೆ ಅದು ಏನು ಅಂತ ಅಲ್ಲಿ ಗೊತ್ತಾಗುತ್ತೆ.

5ಕ್ಕೆ ಎಳೆಯೋಕ್ಮುಂಚೆ ಮಾತ್ರ ಏನಾಗ್ಬಹುದು ಅಂತ ನೋಟ್‌ಬುಕ್ಕಲ್ಲಿ ಬರ್ಸಿ, ಇಲ್ಲಾಂದ್ರೆ ಟಿವಿ ನೋಡ್ದಂಗೆ ಬಾಯಿ ಬಿಟ್ಕೊಂಡು ಕೂತಿರ್ತವೆ (ನನ್ ಕ್ಲಾಸಲ್ಲಿ ಮೊದಲ್ನೇ ಸಲ ಆಗಿದ್ದೇ ಅದು).

ನೆಟ್ ಕೈಕೊಡೋ ಕಡೆ ಜಿಯೋಜೀಬ್ರಾ ಇನ್‌ಸ್ಟಾಲ್ ಮಾಡ್ಕೊಳ್ಳಿ, ಆಫ್‌ಲೈನಲ್ಲೂ ನಡೆಯುತ್ತೆ, ದುಡ್ಡೂ ಬೇಡ. ಗ್ರಾಫ್ ಶೀಟಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯೋದನ್ನ ಮಾತ್ರ ಬಿಡಿಸ್ಬೇಡಿ, ಎಸ್ಸೆಸ್ಸೆಲ್ಸೀಲಿ "ನಕ್ಷೆಯ ಮೂಲಕ ಬಿಡಿಸಿ" ಅಂದ್ರೆ ಪೆನ್ಸಿಲ್ಲು ಸ್ಕೇಲೇ ಗತಿ.