ಗ್ರೀನಿಚ್ ಎಂದರೆ ಬರೀ ಸೊನ್ನೆ ರೇಖಾಂಶದ ಊರೇ?

ಅಲ್ಲ. ಥೇಮ್ಸ್ ನದಿಯ ದಕ್ಷಿಣ ದಂಡೆಗೆ ಅಂಟಿಕೊಂಡಿರುವ ಇದು ಲಂಡನ್ನಿನ 32 ಬರೋಗಳಲ್ಲೊಂದು (ಬರೋ ಎಂದರೆ ನಗರದ ಸ್ಥಳೀಯ ಆಡಳಿತ ವಿಭಾಗ). 1965ರಲ್ಲಿ ಹಳೆಯ ಗ್ರೀನಿಚ್‌ಗೆ ನೆರೆಯ ವುಲಿಚ್‌ನ ಬಹುಭಾಗ ಸೇರಿ ಈಗಿನ ರೂಪ ಬಂತು. ‘ರಾಯಲ್’ ಪಟ್ಟ ಸಿಕ್ಕಿದ್ದು 2012ರಲ್ಲಿ.

ಪ್ರವಾಸಿಗರು ಹೆಚ್ಚಾಗಿ ಪಶ್ಚಿಮ ತುದಿಯಲ್ಲೇ ಸುತ್ತಾಡುತ್ತಾರೆ: 1869ರ ಕಟ್ಟಿ ಸಾರ್ಕ್ ಹಡಗು, ಗುಡ್ಡದ ಮೇಲೆ 1675ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯ. ಅಲ್ಲಿನ ಅಂಗಳದಲ್ಲಿ ಸೊನ್ನೆ ರೇಖಾಂಶವನ್ನು ಗುರುತಿಸುವ ಲೋಹದ ಗೆರೆಯ ಮೇಲೆ ನಿಂತು ಜಿಪಿಎಸ್ ನೋಡಿದರೆ ರೇಖಾಂಶ ಸೊನ್ನೆ ಬರುವುದಿಲ್ಲ. ಫೋನ್ ಕೆಟ್ಟಿಲ್ಲ! ಹಳೆಯ ಗೆರೆ ಆ ಜಾಗದ ಗುರುತ್ವದ ಲಂಬವನ್ನು, ಅಂದರೆ ತೂಗುಬಿಟ್ಟ ಗುಂಡಿನ ದಾರ ನಿಲ್ಲುವ ದಿಕ್ಕನ್ನು, ನಂಬಿ ಎಳೆದದ್ದು. ಜಿಪಿಎಸ್ ಭೂಮಿಯ ದ್ರವ್ಯರಾಶಿ ಕೇಂದ್ರವನ್ನು ಆಧರಿಸುತ್ತದೆ. ಹಾಗಾಗಿ ಅದರ ಸೊನ್ನೆ ಸುಮಾರು 102 ಮೀಟರ್ ಪೂರ್ವಕ್ಕೆ, ಪಾರ್ಕಿನೊಳಗೆ ಬೀಳುತ್ತದೆ.

ನದಿ ದಾಟಲು 1902ರ ಕಾಲ್ನಡಿಗೆ ಸುರಂಗವಿದೆ, ಸೈಕಲ್ ಇದ್ದರೆ ತಳ್ಳಿಕೊಂಡೇ ಹೋಗಬೇಕು. ವುಲಿಚ್‌ನಲ್ಲಿ ವಾಹನಗಳನ್ನೂ ಹೊರುವ ಫೆರಿ, ಅದೂ ಪುಕ್ಕಟೆ.

ನನ್ನ ಮಟ್ಟಿಗೆ ನಿಜವಾಗಿ ನೋಡಬೇಕಾದ್ದು ಚಾರ್ಲ್‌ಟನ್ ಬಳಿಯ ಥೇಮ್ಸ್ ಬ್ಯಾರಿಯರ್ ಎಂಬ ಪ್ರವಾಹ ತಡೆ. 520 ಮೀಟರ್ ಅಗಲದ ನದಿಗೆ 10 ಉಕ್ಕಿನ ಗೇಟುಗಳು. ಹಡಗು ಸಾಗುವ ಆರು ಗೇಟುಗಳು ಮಾಮೂಲಿ ದಿನ ನದಿಯ ತಳದಲ್ಲಿ ಮಲಗಿರುತ್ತವೆ. ಬಿರುಗಾಳಿ ಮತ್ತು ದೊಡ್ಡ ಉಬ್ಬರ ಸೇರಿ ಸಮುದ್ರದ ನೀರು ಒಳನುಗ್ಗುವ ಸೂಚನೆ ಸಿಕ್ಕರೆ ತಿರುಗಿ ಮೇಲೇಳುತ್ತವೆ.