ಕಿಟಕಿ ಪಕ್ಕದ ಕುರ್ಚಿ, ಒಂಬತ್ತು ಚಮಚ ಸಕ್ಕರೆ

ಒಂದೇ ವರ್ಷದಲ್ಲಿ ಕಲಬುರಗಿಯ ನನ್ನ ಸಮಾಲೋಚನೆ ಕೋಣೆಗೆ, ಮನೆಯವರಿಂದ ಬಚ್ಚಿಟ್ಟು ಸಿಹಿ ಸವಿಯುವ ಸಂಗತಿ ಹಿಡಿದು ಬಂದವರಲ್ಲಿ ಇವರು ನಾಲ್ಕನೆಯವರು. ಒಪ್ಪಿಗೆ ಪಡೆದು, ಗುರುತು ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತರ ಹೆಣ್ಣುಮಗಳು. ಶಾಲೆಯಲ್ಲಿ ಕೆಲಸ, ತುಂಬಿದ ಮನೆ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 6.1 ಬಂದಿತ್ತು. 5.7ರಿಂದ 6.4ರವರೆಗೆ ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಂದಿನಿಂದ ಮನೆಯಲ್ಲಿ ಸಪ್ಪೆ ಚಹಾ, ಹಬ್ಬಕ್ಕೂ ಹೋಳಿಗೆ ಇಲ್ಲ. ಒಂದು ಸಂಜೆ ಕಾಫಿ ಶಾಪಿನಲ್ಲಿ ಚಾಕೊಲೇಟ್ ಕೋಲ್ಡ್ ಕಾಫಿ ಕುಡಿಯುವಾಗ ಮೈದುನನ ಕಣ್ಣಿಗೆ ಬಿದ್ದರು. ಮನೆಯಲ್ಲಿ ಸುಳ್ಳುಗಾತಿ ಎನ್ನಿಸಿಕೊಂಡರು. ನಿದ್ದೆ ಹೋಯಿತು.

ಮೊದಲ ದಿನ ನಾನು ತಪ್ಪು ಮಾಡಿದೆ. "ಅಲ್ಲಿಗೆ ಹೋಗೋದೇ ಬಿಡಿ" ಅಂದೆ. ಮೂರು ವಾರ ಅವರು ಬರಲಿಲ್ಲ.

ಮತ್ತೆ ಬಂದಾಗ ನಾನು ಸುಮ್ನೆ ಕೇಳುತ್ತ ಕೂತೆ. ತುಂಬಾ ಹೊತ್ತಿನ ನಂತರ ಅವರು ಹೇಳಿದರು: "ಮನ್ಯಾಗ ಎಲ್ಲಾ ಕುರ್ಚಿಗೂ ಒಬ್ಬೊಬ್ರು ಅದಾರ್ರಿ ಮೇಡಂ. ಅಲ್ಲಿ ಕಿಟಕಿ ಹತ್ರ ಒಂದು ಕುರ್ಚಿ ಅದ. ಮುಕ್ಕಾಲು ತಾಸು ಅದು ನಂದು. ಯಾರೂ ನನಗ ಏನೂ ಕೇಳಂಗಿಲ್ಲ."

ನಾನು ಬಿಡಿ ಅಂದದ್ದು ಆ ಕುರ್ಚಿಯನ್ನೇ.

"ಕಾಫಿ ಕಹಿ ಅಲ್ರೀ, ಕ್ಯಾಲರಿ ಇರಂಗಿಲ್ಲ ಅಂತ ಓದಿದ್ದೆ" ಅಂದರು. ಬರೀ ಡಿಕಾಕ್ಷನ್‌ಗೆ ಅದು ನಿಜ, ಕಪ್ಪಿಗೆ ಐದು ಕ್ಯಾಲರಿಯೂ ದಾಟುವುದಿಲ್ಲ. ಅವರ ಗ್ಲಾಸಿನಲ್ಲಿ ಇದ್ದದ್ದು ಬೇರೆ. ಏನೇನು ಹಾಕುತ್ತೀರಿ ಎಂದು ಅಂಗಡಿ ಹುಡುಗನನ್ನು ಕೇಳಿ ಬನ್ನಿ ಅಂದೆ. ಮುಂದಿನ ವಾರ ಬಂದು ಹೇಳಿದರು: ಮೂರು ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಚಾಕೊಲೇಟ್ ಸಿರಪ್, ಒಂದು ಉಂಡೆ ಐಸ್‌ಕ್ರೀಂ. ಸಕ್ಕರೆ ಡಬ್ಬಿ ತಂದು ಅವರ ಕೈಯಿಂದಲೇ ಸ್ಟೀಲ್ ಲೋಟಕ್ಕೆ ಹಾಕಿಸಿದೆ. ಸಕ್ಕರೆಯದೇ ಮೂರು, ಸಿರಪ್ಪಿಗೆ ನಾಲ್ಕು, ಐಸ್‌ಕ್ರೀಮಿಗೆ ಎರಡು. ಒಟ್ಟು ಒಂಬತ್ತು ಚಮಚ, ಸುಮಾರು 45 ಗ್ರಾಂ. ಗ್ರಾಮಿಗೆ 4 ಕ್ಯಾಲರಿಯಂತೆ ಆ ಸಕ್ಕರೆಯಿಂದಲೇ 180, ಹಾಲಿನದು ಬೇರೆ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ತಣ್ಣಗಿದ್ದಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಅದಕ್ಕೇ ಇಷ್ಟೊಂದು ಸುರಿಯುತ್ತಾರೆ. ಅವರು ಲೋಟ ನೋಡುತ್ತ ಕೂತರು. ಬೈಯುವ ಅಗತ್ಯ ನನಗೆ ಕಾಣಲಿಲ್ಲ.

ಸಲಹೆ ಇಷ್ಟೇ: ಕುರ್ಚಿ ಬಿಡಬೇಡಿ, ಗ್ಲಾಸು ಬದಲಿಸಿ. ಹಾಲು, ಡಿಕಾಕ್ಷನ್, ಐಸ್, ಅಷ್ಟೇ. ಹೋಗುವುದನ್ನು ಮನೆಯಲ್ಲಿ ಹೇಳಿಯೇ ಹೋಗಿ.

ಗಂಡನಿಗೆ ಸಿಟ್ಟು ಬಂತು. "ನೀವೇ ಹೋಗು ಅಂದ್ರ ಹೆಂಗ್ರಿ?" ಅಂದರು. ನನ್ನ ಸಹೋದ್ಯೋಗಿಯೊಬ್ಬರೂ ಇದನ್ನೇ ಕೇಳಿದರು. ನಾನು ಹಿಂದೆ ಸರಿಯುವುದಿಲ್ಲ. ನಾಚಿಕೆಪಡಿಸಿದರೆ ಜನ ತಿನ್ನುವುದನ್ನು ಬಿಡುವುದಿಲ್ಲ, ಬಚ್ಚಿಟ್ಟು ತಿನ್ನುತ್ತಾರೆ. ಬಚ್ಚಿಟ್ಟದ್ದನ್ನು ಡಾಕ್ಟರಿಗೂ ಹೇಳುವುದಿಲ್ಲ. ಮನೆಯಲ್ಲಿ ಚಹಾದ ಚಮಚ ಎಣಿಸುವವರು, ಅವಳಿಗೆ ದಿನಕ್ಕೆ ಎಷ್ಟು ಹೊತ್ತು ಬಿಡುವು ಸಿಗುತ್ತದೆ ಎಂದೂ ಎಣಿಸಲಿ.

ಓದುವವರಿಗೆ ಇನ್ನೊಂದು ಮಾತು. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲ್‌, ಕಾಫಿ ಶಾಪ್‌ಗಳು 2022ರ ಜುಲೈನಿಂದ ಮೆನುವಿನಲ್ಲಿ ಕ್ಯಾಲರಿ ಬರೆಯಬೇಕು. ನಮ್ಮೂರ ಸಣ್ಣ ಅಂಗಡಿಗಳಿಗೆ ಆ ನಿಯಮ ಬರುವುದಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಅವರ ಮುಂದಿನ ಪರೀಕ್ಷೆ ಇನ್ನೂ ಆಗಿಲ್ಲ. ತಿಂಗಳಿಗೊಮ್ಮೆ ಚಾಕೊಲೇಟಿನದೇ ಕುಡಿಯುತ್ತಾರೆ. ಹೋದ ಸಲ ಅದನ್ನು ಡಾಕ್ಟರ್ ಮುಂದೆ, ಗಂಡ ಪಕ್ಕದಲ್ಲಿ ಇರುವಾಗಲೇ, ಹೇಳಿದರಂತೆ.