ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು

ತಮ್ಮಾ, ನೀನು ಕೇಳಿದ್ದನ್ನ ಎರಡು ಸಲ ಓದಿದೆ. ಹರಿಹರ–ಮುಂಬೈ ಲೈನಲ್ಲಿ 8 ವರ್ಷ ಲಾರಿ ಓಡಿಸಿದ್ದೀಯ, ಕೆನಡಾದ ಒಂಟಾರಿಯೋದಲ್ಲಿರೋ ಬ್ರಾಂಪ್ಟನ್‌ಗೆ ಬಂದು ಕಾರಿನ ಫುಲ್ ಜಿ ಲೈಸೆನ್ಸ್ ತಗೊಂಡಿದ್ದೀಯ, ಈಗ ಎ-ಝಡ್, ಅಂದರೆ ಏರ್ ಬ್ರೇಕಿನ ದೊಡ್ಡ ಟ್ರೇಲರ್ ಟ್ರಕ್ಕಿನ ಲೈಸೆನ್ಸ್, ಮಾಡಿ ಟ್ರಕ್ ಹತ್ತಬೇಕು. ಮೊನ್ನೆ 401 ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಇದ್ದಲ್ಲಿ 128 ಹೋಗಿ ದಂಡದ ಟಿಕೆಟ್ ಸಿಕ್ಕಿದೆ. "ಕಾರಿಂದಲ್ವಾ ಅಣ್ಣಾ, ದಂಡ ಕಟ್ಟಿ ಮುಗಿಸಿಬಿಡ್ಲಾ?" ಅಂತ ಕೇಳಿದ್ದೀಯ.

ಕಟ್ಟಬೇಡ. ಇನ್ನೂ ಕಟ್ಟಬೇಡ.

ಊರಲ್ಲಿ ದಂಡ ಕಟ್ಟಿದರೆ ಆ ಕಥೆ ಅಲ್ಲಿಗೇ ಮುಗೀತು. ಒಂಟಾರಿಯೋದಲ್ಲಿ ದಂಡ ಕಟ್ಟೋದು ಅಂದರೆ ತಪ್ಪು ಒಪ್ಪಿಕೊಂಡ ಹಾಗೆ. ಆ ಕ್ಷಣಕ್ಕೆ ಅದು ಕನ್ವಿಕ್ಷನ್ (ತಪ್ಪಿತಸ್ಥ ಅನ್ನೋ ತೀರ್ಪು) ಆಗಿ ನಿನ್ನ ಡ್ರೈವರ್ ಅಬ್‌ಸ್ಟ್ರ್ಯಾಕ್ಟ್‌ಗೆ, ಅಂದರೆ ಸರ್ಕಾರ ಇಡೋ ನಿನ್ನ ಡ್ರೈವಿಂಗ್ ದಾಖಲೆಗೆ, ಹತ್ತುತ್ತದೆ. ಕಾರಲ್ಲಿ ಆಗಿದ್ದೋ ಟ್ರಕ್ಕಲ್ಲಿ ಆಗಿದ್ದೋ, ಲೈಸೆನ್ಸ್ ಒಂದೇ, ರೆಕಾರ್ಡೂ ಒಂದೇ. ಕೆಲಸಕ್ಕೆ ಹೋದರೆ ಟ್ರಕ್ ಕಂಪನಿಯವರು ಮೊದಲು ಕೇಳೋದೇ 3 ವರ್ಷದ ಆ ಅಬ್‌ಸ್ಟ್ರ್ಯಾಕ್ಟು.

ನಮ್ಮವರು ಎಡವೋದು ಪಾಯಿಂಟ್ ಲೆಕ್ಕದಲ್ಲಿ. 28 ಹೆಚ್ಚು ಹೋಗಿದ್ದಕ್ಕೆ 3 ಡಿಮೆರಿಟ್ ಪಾಯಿಂಟು (ತಪ್ಪಿಗೆ ಬೀಳೋ ಕಪ್ಪು ಅಂಕ), ಅವು 2 ವರ್ಷಕ್ಕೆ ಹೋಗುತ್ತವೆ, 15 ಆಗೋವರೆಗೆ ಲೈಸೆನ್ಸ್ ಸಸ್ಪೆಂಡ್ ಆಗಲ್ಲ ಅಂತ ನೆಮ್ಮದಿಯಾಗಿರ್ತಾರೆ. ಪಾಯಿಂಟು ನೋಡೋದು ಸರ್ಕಾರ. ಇನ್ಶೂರೆನ್ಸಿನವರು ಎಣಿಸೋದು ಕನ್ವಿಕ್ಷನ್. ಪಾಯಿಂಟು ಅಳಿಸಿಹೋದ ಮೇಲೂ ಅವರ ಕಣ್ಣಿಗೆ ಅದು ಇದ್ದೇ ಇರುತ್ತದೆ.

ನಮ್ಮಲ್ಲಿ ವಿಮೆ ಅನ್ನೋದು ಲಾರಿಗೆ ಅಂಟಿಕೊಂಡಿದ್ದು, ಸ್ಟೇರಿಂಗ್ ಹಿಡಿಯೋನು ಯಾರು ಅಂತ ವಿಮೆಯವರು ಹುಡುಕಿಕೊಂಡು ಬರಲ್ಲ. ಇಲ್ಲಿ ಫ್ಲೀಟ್ ಪಾಲಿಸಿ, ಅಂದರೆ ಕಂಪನಿಯ ಎಲ್ಲ ಟ್ರಕ್ಕಿಗೂ ಸೇರಿದ ವಿಮೆ, ಇರುತ್ತೆ; ಹೊಸ ಡ್ರೈವರ್ ತಗೊಳ್ಳೋ ಮುಂಚೆ ಸೇಫ್ಟಿ ಮ್ಯಾನೇಜರ್ ನಿನ್ನ ಕಾಗದ ಎಲ್ಲ ಇನ್ಶೂರೆನ್ಸಿಗೆ ಕಳಿಸ್ತಾರೆ. ಅವರು ಬೇಡ ಅಂದರೆ ಮಾಲೀಕನಿಗೆ ನಿನ್ನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಕೀ ಕೊಡೋಕಾಗಲ್ಲ. ಊರಿನ 8 ವರ್ಷದ ಅನುಭವ ನಿನ್ನ ಕೈಯಲ್ಲಿದೆ, ಅದು ಸುಳ್ಳಲ್ಲ, ಆದರೆ ಅವರ ಲೆಕ್ಕಕ್ಕೆ ಸಾಮಾನ್ಯವಾಗಿ ಬರೋದು ಈ ಖಂಡದಲ್ಲಿ ಓಡಿಸಿದ್ದು ಮಾತ್ರ. ಹೀಗಾಗಿ ಅವರ ಮುಂದೆ ನೀನು ಹೊಸಬ. ಹೊಸಬನ ಹತ್ತಿರ ತೋರಿಸೋಕೆ ಇರೋದು ಒಂದು ಕ್ಲೀನ್ ಅಬ್‌ಸ್ಟ್ರ್ಯಾಕ್ಟ್, ಅಷ್ಟೇ.

ನನಗೆ ಇದನ್ನ ಹೇಳೋರು ಯಾರೂ ಇರಲಿಲ್ಲ. ಬಂದ ವರ್ಷ ಒಂದು ಸ್ಪೀಡಿಂಗ್, ಒಂದು ಸ್ಟಾಪ್ ಸೈನ್, ಎರಡೂ ಕಾರಲ್ಲಿ. ಸಾಲ ಉಳಿಸಿಕೊಳ್ಳಬಾರದು ಅಂತ ಅಪ್ಪ ಕಲಿಸಿದ್ದರಲ್ಲ, ಎರಡನ್ನೂ ಮರುದಿನವೇ ಕಟ್ಟಿದೆ. ಆಮೇಲೆ ಎ-ಝಡ್ ಪಾಸಾಗಿ ಒಂದು ಕಂಪನಿಯಲ್ಲಿ ರೋಡ್ ಟೆಸ್ಟೂ ಚೆನ್ನಾಗಿ ಕೊಟ್ಟೆ. ಸೋಮವಾರ ಬಾ ಅಂದರು. ಶುಕ್ರವಾರ ಫೋನ್ ಬಂತು, ಇನ್ಶೂರೆನ್ಸ್ ಒಪ್ಪಲಿಲ್ಲ ಅಂತ. ಇನ್ನೊಂದು ಕಡೆಯೂ ಅದೇ ಮಾತು. ಕೈಯಲ್ಲಿ ಲೈಸೆನ್ಸ್ ಇಟ್ಟುಕೊಂಡು 14 ತಿಂಗಳು ಗೋದಾಮಿನಲ್ಲಿ ಬೇರೆಯವರ ಟ್ರೇಲರ್ ಖಾಲಿ ಮಾಡಿದ್ದೀನಿ. ಆಗ ಮನೆಯಲ್ಲಿ ಎರಡನೇ ಮಗು ಹುಟ್ಟಿತ್ತು. ಅದಕ್ಕೇ ನಿನಗೆ ಇಷ್ಟು ಉದ್ದ ಬರೀತಿದ್ದೀನಿ.

ಈಗ ಏನು ಮಾಡಬೇಕು ಕೇಳು. ಟಿಕೆಟ್ ಕೊಟ್ಟ ದಿನದಿಂದ 15 ದಿನದ ಒಳಗೆ ಉತ್ತರ ಕೊಡಬೇಕು. ಪ್ರಾಸಿಕ್ಯೂಟರ್ (ನಿನ್ನ ವಿರುದ್ಧ ಕೇಸು ನಡೆಸೋರು) ಜೊತೆ ಮಾತಾಡೋಕೆ ಅವಕಾಶ ಕೇಳಬಹುದು, ವಿಚಾರಣೆಯನ್ನೂ ಕೇಳಬಹುದು. ಲೈಸೆನ್ಸ್ ಇರೋ ಪ್ಯಾರಾಲೀಗಲ್ (ಇಂಥ ಸಣ್ಣ ಕೇಸುಗಳಲ್ಲಿ ವಕೀಲರ ಹಾಗೆ ವಾದಿಸೋರು) ಒಬ್ಬರನ್ನ ಇಟ್ಟುಕೋ, ದಂಡಕ್ಕಿಂತ ಅವರ ಫೀಸು ಜಾಸ್ತಿ ಆದರೂ ಸರಿ. ಸುಮ್ಮನೆ ಕೂತರೆ ನೀನಿಲ್ಲದೆಯೇ ಕನ್ವಿಕ್ಷನ್ ಆಗಿಬಿಡುತ್ತೆ. (ರೆಡ್ ಲೈಟ್ ಕ್ಯಾಮೆರಾ ಟಿಕೆಟ್ ಬೇರೆ. ಅದು ನಂಬರ್ ಪ್ಲೇಟಿಗೆ ಬರುತ್ತೆ, ನಿನ್ನ ರೆಕಾರ್ಡಿಗೆ ಹತ್ತಲ್ಲ.) ಏನೇ ತೀರ್ಮಾನ ಆದರೂ ಕೆಲಸದ ಅರ್ಜಿಯಲ್ಲಿ ಮುಚ್ಚಿಡಬೇಡ, ಅಬ್‌ಸ್ಟ್ರ್ಯಾಕ್ಟಲ್ಲಿ ಕಂಡೇ ಕಾಣುತ್ತೆ.

ಟ್ರಕ್ ಡ್ರೈವಿಂಗ್ ಸ್ಕೂಲಿಗೆ ಸೇರುವಾಗ ಪೂರ್ತಿ ಮೆಲ್ಟ್ ಕೋರ್ಸ್ ಮಾಡು, ಅದು ಹೊಸ ಟ್ರಕ್ ಡ್ರೈವರ್‌ಗಳಿಗೆ ಇರೋ ಕಡ್ಡಾಯ ತರಬೇತಿ. 2017ರ ಜುಲೈಯಿಂದ ಅದು ಕನಿಷ್ಠ 103.5 ಗಂಟೆ ಇರಲೇಬೇಕು. ಗಂಟೆ ಕಡಿಮೆ ಮಾಡಿ ಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡ. 8 ವರ್ಷ ಓಡಿಸಿರೋ ನೀನೂ ಐಸ್ ಮೇಲೆ 53 ಅಡಿ ಟ್ರೇಲರ್ ಎಳೆದಿಲ್ಲವಲ್ಲ.

ಟ್ರಕ್ ಹತ್ತಿದ ಮೇಲೆ ನಿನ್ನ ಹೆಸರಲ್ಲಿ ಇನ್ನೊಂದು ಕಡತ ಶುರುವಾಗುತ್ತೆ, ಸಿ.ವಿ.ಒ.ಆರ್ ಡ್ರೈವರ್ ಅಬ್‌ಸ್ಟ್ರ್ಯಾಕ್ಟ್ ಅಂತ, 5 ವರ್ಷದ್ದು. ಸಿ.ವಿ.ಒ.ಆರ್ ಅಂದರೆ ಕಮರ್ಷಿಯಲ್ ಗಾಡಿ ಓಡಿಸೋರ ಮೇಲೆ ಒಂಟಾರಿಯೋ ಸರ್ಕಾರ ಇಡೋ ಸುರಕ್ಷತೆಯ ದಾಖಲೆ. ನೀನು ಮಾಡಿದ್ದು ಕಂಪನಿಯ ಸಿ.ವಿ.ಒ.ಆರ್‌ಗೂ ಹೋಗುತ್ತೆ: ಅಪಘಾತಕ್ಕೆ ಶೇ 40, ಕನ್ವಿಕ್ಷನ್‌ಗೆ ಶೇ 40, ತಪಾಸಣೆಗೆ ಶೇ 20 ತೂಕ. ಅದಕ್ಕೇ ಒಂದು ಹೆಡ್‌ಲೈಟ್ ಆರಿದ್ದಕ್ಕೂ ಸೇಫ್ಟಿಯವರು ತಲೆ ಕೆಡಿಸಿಕೊಳ್ಳೋದು. ಆದರೆ ತಪಾಸಣೆಯಲ್ಲಿ ಪಾಸಾಗಿದ್ದೂ ಅಲ್ಲಿ ದಾಖಲಾಗುತ್ತೆ. ಬೆಳಿಗ್ಗೆ ಟ್ರಕ್ ಸುತ್ತ ನಡೆದು ಟೈರು, ಬ್ರೇಕು, ಲೈಟು ನೋಡೋದನ್ನ ಮೈನಸ್ 20 ಇದ್ದರೂ ಬಿಡಬೇಡ. ಫೋನ್ ಕೈಯಲ್ಲಿ ಹಿಡಿಯಲೇಬೇಡ, ಮೊದಲ ಸಲಕ್ಕೇ 3 ದಿನ ಲೈಸೆನ್ಸ್ ಹೋಗುತ್ತೆ. ಕುಡಿತದ ವಿಷಯಕ್ಕೆ ಕಮರ್ಷಿಯಲ್ ಗಾಡಿಯಲ್ಲಿ ಮಿತಿ ಸೊನ್ನೆ.

ಒಂದೆರಡು ಟಿಕೆಟ್ ಇದ್ದರೂ ಪರವಾಗಿಲ್ಲ, ನಿನ್ನ ಹೆಸರಲ್ಲೇ ಕಂಪನಿ ರಿಜಿಸ್ಟರ್ ಮಾಡಿಕೊಂಡು ಬಾ ಅನ್ನೋರು ಸಿಗ್ತಾರೆ. ಯೋಚಿಸದೆ ಹೂಂ ಅನ್ನಬೇಡ. ಓಡಿಸೋದು ಅವರ ಟ್ರಕ್ಕೇ ಆದರೂ ಟ್ಯಾಕ್ಸ್, ಗಾಯದ ಪರಿಹಾರ ಎಲ್ಲ ನಿನ್ನ ತಲೆಗೇ ಬರುತ್ತೆ.

ಟಿಕೆಟ್‌ನ ಎರಡೂ ಬದಿಯ ಫೋಟೋ ಇವತ್ತೇ ಕಳಿಸು. ತಾರೀಕು ನೋಡಿ, ಎಷ್ಟು ದಿನ ಉಳಿದಿದೆ ಲೆಕ್ಕ ಹಾಕಿ, ರಾತ್ರಿ ಫೋನ್ ಮಾಡ್ತೀನಿ.